ಅವ್ವನ ಟ್ರಂಕಿನ ಸೀರೆಗಳನ್ನು ಏನು ಮಾಡೋದು? ನಮ್ಮ ಕಡೆಯವರು ಸ್ವಲ್ಪ ಹೇಳಿ

ಮಲಪ್ರಭಾ_ದಂಡಿ
ಎಲ್ಲರಿಗೂ ನಮಸ್ಕಾರ. ನಮ್ಮದು ಬಾದಾಮಿ ತಾಲ್ಲೂಕಿನ ಹಳ್ಳಿ, ನಾನಿರೋದು ಪುಣೆಯಲ್ಲಿ. ಯುಗಾದಿ ಮುಗಿದ ಮೇಲೆ ನಮ್ಮವ್ವ ತೀರಿಕೊಂಡಳು. ಮಾಡಬೇಕಾದ ಕಾರ್ಯ ಎಲ್ಲ ಮುಗಿದಿದೆ. ಮಾನಮಿ ಅಮವಾಸಿಗೆ (ಮಹಾಲಯ ಅಮಾವಾಸ್ಯೆ) ಅಣ್ಣ, ತಂಗಿ ಎಲ್ಲರೂ ಊರಿಗೆ ಬರುತ್ತೇವೆ. ಅಷ್ಟರೊಳಗೆ ಅವ್ವನ ಟ್ರಂಕ್ ಖಾಲಿ ಮಾಡಬೇಕು ಅಂತ ಮನೆಯಲ್ಲಿ ಮಾತು ನಡೆದಿದೆ.

ಟ್ರಂಕಿನಲ್ಲಿ ಹೆಚ್ಚಾಗಿ ಇಳಕಲ್ ಸೀರೆಗಳು. ಉಟ್ಟು ಉಟ್ಟು ಮೆತ್ತಗಾದವು. ತಳದಲ್ಲಿ ಗುಳೇದಗುಡ್ಡದ ಖಣಗಳು (ಕುಪ್ಪಸದ ಬಟ್ಟೆ), ಹೊಲಿಸದೇ ಉಳಿದವು. ಮೇಲೆ ಮದುವೆ ಮುಂಜಿಯಲ್ಲಿ ಆಯೇರಿ (ಉಡುಗೊರೆ) ಬಂದ ಸೀರೆಗಳು, ಮಡಿಕೆ ಕೂಡ ಬಿಚ್ಚಿಲ್ಲ. ಒಂದೊಂದಕ್ಕೂ ಒಂದು ಚೀಟಿ, ಯಾರು ಕೊಟ್ಟಿದ್ದು ಅಂತ. ಮೊಮ್ಮಗಳ ಕೈಲಿ ಬರೆಸಿಟ್ಟಿದ್ದಾಳೆ. ಕೊಟ್ಟವರ ಮನೆಗೇ ವಾಪಸ್ ಆಯೇರಿ ಹೋಗಬಾರದಲ್ಲ!

ಈಗ ಜಗಳ ಇದು. ಕಾಕಾ ಹೇಳ್ತಾರೆ, ಸತ್ತವರ ಅರಿಬಿ ಮನೆಯಲ್ಲಿ ಇರಬಾರದು, ಹೊಳೆಗೆ ಬಿಡಿ. ವೈನಿ (ಅಣ್ಣನ ಹೆಂಡತಿ) ಹೇಳ್ತಾರೆ, ಹಳೇ ಅರಿಬಿಗೆ ಪಾತ್ರೆ ಕೊಡುವವರು ಬರ್ತಾರಲ್ಲ, ಅವರಿಗೆ ಕೊಟ್ಟು ಒಂದು ಡಬರಿ ತಗೊಳ್ಳೋಣ. ತಂಗಿ ಎಲ್ಲ ನನಗೇ ಬೇಕು ಅಂತ ಅಳ್ತಾಳೆ. ನನಗೆ ಕೌದಿ (ಹಳೇ ಬಟ್ಟೆ ಪದರ ಹಾಕಿ ಹೊಲಿಯುವ ಹೊದಿಕೆ) ಹೊಲಿಸೋ ಆಸೆ. ಮನೆಯವರ ವಾಟ್ಸಾಪ್ ಗ್ರೂಪಿನಲ್ಲಿ ಈ ವಿಷಯಕ್ಕೆ ಮಾತು ಬಿಟ್ಟವರೂ ಇದ್ದಾರೆ. ನಿಮ್ಮ ಮನೆಗಳಲ್ಲಿ ಏನು ಮಾಡಿದ್ರಿ? ಇಳಕಲ್ ಸೀರೆ ಕೌದಿಗೆ ಆಗುತ್ತದೆಯೇ?

ಸುಮ್ನೆ_ಓದೋಳು
ಡಬರಿ ಅಂದಿದ್ದು ಓದಿ ನಕ್ಕುಬಿಟ್ಟೆ, ತಪ್ಪು ತಿಳೀಬೇಡಿ ಅಣ್ಣ. ನಮ್ಮನೆಯಲ್ಲೂ ಇದೇ ಮಾತು ಬಂದಿತ್ತು.

ಹಿಂಡಿ_ರೊಟ್ಟಿ
ವೈನಿಗೆ ಬೈಯಬೇಡಿ ಯಾರೂ. ಕೊನೆಯ ವರ್ಷಗಳಲ್ಲಿ ಅವ್ವನ ಸೀರೆ ಒಗೆದವರು ಅವರೇ ಇರಬೇಕು. ಪುಣೆಯಲ್ಲಿ ಇದ್ದವರಿಗೆ ಸೀರೆ ಅಂದರೆ ನೆನಪು. ಮನೆಯಲ್ಲಿ ಇದ್ದವರಿಗೆ ಅದು ಜಾಗ ಹಿಡಿಯೋ ಟ್ರಂಕ್. ನಾನು ಜಮಖಂಡಿಯಲ್ಲಿ ಅತ್ತೆಯನ್ನು ನೋಡಿಕೊಂಡವಳು, ಅದಕ್ಕೇ ಹೇಳ್ತಿದ್ದೇನೆ.

ಮಲಪ್ರಭಾ_ದಂಡಿ
ಅಕ್ಕಾರ, ಮಾತು ಖರೆ ಐತಿ. ವೈನಿಯೇ ನೋಡಿಕೊಂಡಿದ್ದು.

ಹಳೇ_ಮಾಸ್ತರ
ತಮ್ಮಾ, ನಿಮ್ಮ ಕಾಕಾ ಹೇಳಿದ್ದರಲ್ಲಿ ಅರ್ಥ ಇಲ್ಲದಿಲ್ಲ. ಹಿಂದೆ ಕಾಲರಾ, ಪ್ಲೇಗ್ ಬಂದಾಗ ಸತ್ತವರ ಬಟ್ಟೆ, ಹಾಸಿಗೆ ಇಟ್ಟುಕೊಳ್ಳುವುದು ಅಪಾಯವಾಗಿತ್ತು. ಕೊನೆಗೆ ಮೈಮೇಲಿದ್ದ ಬಟ್ಟೆ ಮತ್ತು ಹಾಸಿಗೆಯನ್ನು ಈಗಲೂ ಕೊಟ್ಟುಬಿಡುತ್ತಾರೆ, ಅದು ಸರಿ. ಆದರೆ ಟ್ರಂಕಿನಲ್ಲಿ ನುಸಿಗುಳಿಗೆ ಹಾಕಿ ಮಡಿಸಿಟ್ಟ ಸೀರೆಗೆ ಈ ಮಾತು ಯಾಕೆ?

ಹೊಳೆಗೆ ಮಾತ್ರ ಬಿಡಬೇಡಿ. ಕೂಡಲಸಂಗಮದಲ್ಲಿ, ಎಲ್ಲಿ ಕೃಷ್ಣೆ ಮಲಪ್ರಭೆ ಕೂಡುತ್ತಾವೋ ಅಲ್ಲಿ, ದಂಡೆಗೆ ಹತ್ತಿಕೊಂಡ ಬಟ್ಟೆ ನೋಡಿದ್ದೀರಾ? ಮುಳುಗಲು ಹೋದವರ ಕಾಲಿಗೆ ಸುತ್ತಿಕೊಳ್ಳುತ್ತದೆ. ಅವ್ವನ ಸೀರೆಗೆ ಆ ಗತಿ ಬೇಡ.

ಬಿಲ್ವಪತ್ರಿ
ಲಿಂಗಾಯತರ ಮನೆಯಾದರೆ ಈ ಪ್ರಶ್ನೆಯೇ ಬರಬಾರದು. ಶರಣರು ಪಂಚಸೂತಕ ಇಲ್ಲ ಅಂತ ಹನ್ನೆರಡನೇ ಶತಮಾನದಲ್ಲೇ ಹೇಳಿ ಹೋಗಿದ್ದಾರೆ. ಅದರಲ್ಲಿ ಮರಣಸೂತಕವೂ ಒಂದು. ಸೂತಕವೇ ಇಲ್ಲ ಅಂದ ಮೇಲೆ ಸೀರೆಗೆ ಎಲ್ಲಿಂದ ಬಂತು ಮೈಲಿಗೆ?

ಎಳ್ಳಮವಾಸಿ
ಹೇಳೋದು ಸುಲಭ ಅಣ್ಣಾರ. ನಿಮ್ಮ ಮನೆಯಲ್ಲಿ ಮೂರನೇ ದಿನ ಹಾಲು ತುಪ್ಪ ಬಿಡಲಿಲ್ವಾ? ಹನ್ನೊಂದನೇ ದಿನ ಊರಿಗೆಲ್ಲ ಊಟ ಹಾಕಲಿಲ್ವಾ? ಮುಂದಿನ ಯುಗಾದಿ ತನಕ ಹೋಳಿಗೆ ಮಾಡಂಗಿಲ್ಲ ಅಂತ ಕೂತವರು ಯಾರು ಹಾಗಾದರೆ? 🙂

ಬಿಲ್ವಪತ್ರಿ
ಮಾಡ್ತೀವಿ, ಊರಿನ ಬಾಯಿಗೆ ಹೆದರಿ. ಆದರೆ ಅದು ಧರ್ಮ ಅಂತ ಹೇಳೋದಿಲ್ಲ.

ಎಳ್ಳಮವಾಸಿ
ಊರಿನ ಬಾಯಿ ಅಂದರೆ ಸುಮ್ನೆ ಅಲ್ಲ. ನಮ್ಮವ್ವ ಹೋದಾಗ ಮನೆಯಲ್ಲಿ ಒಲೆ ಹಚ್ಚಲಿಲ್ಲ. ಓಣಿಯವರು ಸರದಿ ಪ್ರಕಾರ ರೊಟ್ಟಿ ಬುಟ್ಟಿ ತಂದರು. ಯಾರು ಯಾವ ಹೊತ್ತಿಗೆ ಅಂತ ಯಾರೂ ಹೇಳಿರಲಿಲ್ಲ, ಆದರೂ ಒಂದು ಹೊತ್ತು ತಪ್ಪಲಿಲ್ಲ. ಅದೂ ಆ ಊರೇ, ಆ ಬಾಯೇ.

ಕೊಂಡಿ_ಸೆರಗು
ಇಳಕಲ್‌ನಿಂದ ಬರೀತಿದ್ದೇನೆ, ಮನೆತನದ ಕೆಲಸ ನೇಯ್ಗೆ. ಕೌದಿ ಪ್ರಶ್ನೆಗೆ ಉತ್ತರ ಕೊಡ್ತೀನಿ.

ಇಳಕಲ್ ಸೀರೆಯಲ್ಲಿ ಒಡಲು ಬೇರೆ, ಸೆರಗು ಬೇರೆ. ಒಡಲಿನ ಹಾಸು (ಉದ್ದದ ಎಳೆಗಳು) ಮುಗಿದ ಕಡೆ ಸೆರಗಿನ ರೇಷ್ಮೆ ಹಾಸನ್ನು ಕೊಂಡಿ ಹಾಕಿ ಕೂಡಿಸಿ ಮುಂದೆ ನೇಯುತ್ತೇವೆ. ಹಳೇ ಸೀರೆಯಲ್ಲಿ ಮೊದಲು ಬಿಡೋದೇ ಆ ಕೊಂಡಿ. ಹಿಡಿದು ನೋಡಿ, ಸಡಿಲವಾಗಿದ್ದರೆ ಸೆರಗನ್ನು ಅಲ್ಲಿಗೇ ಕತ್ತರಿಸಿ ಬೇರೆ ಇಡಿ. ಒಡಲು ಹತ್ತಿಯದಾದರೆ ಕೌದಿಗೆ ಅದಕ್ಕಿಂತ ಚೆನ್ನಾಗಿರೋ ಬಟ್ಟೆ ಇಲ್ಲ, ಹಳೇದಾದಷ್ಟೂ ಸೂಜಿ ಸಲೀಸಾಗಿ ಹೋಗುತ್ತದೆ. ಒಡಲೂ ರೇಷ್ಮೆ ಇದ್ದರೆ ಒಳಪದರಕ್ಕೆ ಹಾಕಬೇಡಿ, ಮೇಲೆ ತುಂಡು ಕೂಡಿಸಿ.

ಆಯೇರಿಯ ಪಾಲಿಸ್ಟರ್ ಸೀರೆ ಮಾತ್ರ ಸೇರಿಸಲೇಬೇಡಿ. ಒಗೆದಾಗ ಹತ್ತಿ ಎಳೆದುಕೊಳ್ಳುತ್ತದೆ, ಪಾಲಿಸ್ಟರ್ ಎಳೆದುಕೊಳ್ಳೋದಿಲ್ಲ, ಕೌದಿ ಉಬ್ಬುಬ್ಬಾಗಿ ಕೂತುಬಿಡುತ್ತದೆ. ಕೆಂಪು ಬಣ್ಣದವನ್ನು ಮೊದಲು ಬೇರೆಯಾಗಿ ನೀರಲ್ಲಿ ಅದ್ದಿ ಬಣ್ಣ ಬಿಡುತ್ತದೆಯೋ ನೋಡಿ.

ತೋಪ ತೆನಿ ಸೆರಗಿದ್ದರೆ ದಯವಿಟ್ಟು ಕೌದಿಗೆ ಹಾಕಬೇಡಿ. ಕೆಂಪಿನ ಮೇಲೆ ಬಿಳಿಯ ಆ ತೆನೆ ಕೈಯಿಂದ ಎತ್ತೋದು, ಕಣ್ಣು ಹೋಗುವ ಕೆಲಸ. ಅದನ್ನು ತಂಗಿಗೆ ಕೊಡಿ.

ಮಲಪ್ರಭಾ_ದಂಡಿ
ಇದು ಬೇಕಾಗಿತ್ತು ನನಗೆ. ಧನ್ಯವಾದ ಅಣ್ಣಾರ. ಹೊಲಿಯುವವರು ಎಲ್ಲಿ ಸಿಗ್ತಾರೆ?

ಹಿಂಡಿ_ರೊಟ್ಟಿ
ಊರಲ್ಲೇ ಕೇಳಿ. ಪ್ರತಿ ಓಣಿಗೆ ಒಬ್ಬ ಅಜ್ಜಿ ಇದ್ದೇ ಇರ್ತಾಳೆ. ಹೊಲದ ಕೆಲಸ ಇಲ್ಲದ ಬೇಸಿಗೆಯಲ್ಲಿ ಕಟ್ಟೆಗೆ ಕೂತು ಹೊಲೀತಾರೆ. ಮಷಿನ್‌ನಲ್ಲಿ ಮಾಡಿಸಬೇಡಿ, ಬೆಡ್‌ಶೀಟ್ ಆಗುತ್ತದೆ ಅಷ್ಟೇ. ಕೈಯಲ್ಲಾದರೆ ಅಂಚಿನಿಂದ ಶುರು ಮಾಡಿ ಸುತ್ತು ಹಾಕುತ್ತ ನಡುವಿಗೆ ಬರ್ತಾರೆ.

ನಮ್ಮ ಮನೆಯಲ್ಲಿ ಪೂರ್ತಿ ಮುಚ್ಚುವ ಮೊದಲು ನಡುವೆ ಒಂದು ಚೂರು ರೊಟ್ಟಿ ಇಟ್ಟು ಹೊಲೀತಿದ್ದರು. ಕೌದಿಗೂ ಹೊಟ್ಟೆ ಐತಿ, ಉಪವಾಸ ಕೆಡವಬಾರದು ಅಂತ.

ಸುಮ್ನೆ_ಓದೋಳು
ಇರುವೆ ಬರೋದಿಲ್ವಾ ಅಕ್ಕಾ?

ಹಿಂಡಿ_ರೊಟ್ಟಿ
ಕಟಿ (ಒಣಗಿದ) ರೊಟ್ಟಿ, ಬಾಯಿ. ಅದನ್ನ ಇರುವೆ ಅಲ್ಲ, ಇಲಿನೂ ಕಡಿಯೋದಿಲ್ಲ.

ಚೋರ್ಲಾ_ಘಾಟ
ನಾನು ಗೋವಾದಲ್ಲಿ ಕಟ್ಟಡದ ಕೆಲಸ. ಊರು ಮುದ್ದೇಬಿಹಾಳ ಕಡೆ. ಅವ್ವ ಬೇಸಿಗೆಯಲ್ಲಿ ಹೋದಳು. ಫೋನ್ ಬಂದಾಗ ಸ್ಲ್ಯಾಬ್ ಹಾಕ್ತಿದ್ವಿ. ಬಿಟ್ಟು ಓಡಿದೆ. ಮೊದಲು ಬೆಳಗಾವಿ ಬಸ್, ಅಲ್ಲಿಂದ ಇನ್ನೊಂದು. ನಮ್ಮ ಕಡೆ ಆ ಬಿಸಿಲಲ್ಲಿ ಹೆಣ ಇಟ್ಟುಕೊಂಡು ಕಾಯೋದಿಲ್ಲ. ಮಣ್ಣು ಕೊಡೋದನ್ನ ತಮ್ಮ ಫೋನಲ್ಲಿ ತೋರಿಸಿದ. ಬಸ್ಸಿನಲ್ಲಿ ಕೂತು ನೋಡಿದೆ. ಪಕ್ಕದ ಸೀಟಿನ ಮನುಷ್ಯ ತನ್ನ ಟವೆಲ್ ಕೊಟ್ಟ. ನಡುವೆ ನೆಟ್‌ವರ್ಕ್ ಹೋಯಿತು.

ಟ್ರಂಕ್ ಗಿಂಕ್ ಏನೂ ಇರಲಿಲ್ಲ ಅವ್ವನ ಹತ್ತಿರ. ಒಂದು ಎಲೆಅಡಿಕೆ ಚೀಲ ಇತ್ತು, ಸುಣ್ಣದ ಡಬ್ಬಿ ಸಮೇತ. ಅದು ನನ್ನ ಹತ್ತಿರ ಇದೆ. ಅಷ್ಟೇ ಹೇಳೋಣ ಅಂತ ಬರೆದೆ.

ನವನಗರ_63
ತಮ್ಮಾ, ನೀನು ನೋಡಿದೆಯಲ್ಲ, ಅದೂ ಮಣ್ಣು ಕೊಟ್ಟ ಹಾಗೇ. ಮನಸ್ಸಿಗೆ ಹಚ್ಚಿಕೋಬೇಡ.

ಗುಮ್ಮಟ_ನಗರಿ
@ಚೋರ್ಲಾ_ಘಾಟ ಭಾಯಿ, ಆ ಚೀಲ ಯಾರಿಗೂ ಕೊಡಬೇಡಿ.

ನಮ್ಮದು ವಿಜಯಪುರ. ಅಮ್ಮಿ ಹೋದ ಮೇಲೆ ನಮ್ಮಲ್ಲಿ ಮೊದಲು ಕೇಳೋದು ಸಾಲದ ಮಾತು. ಯಾರಿಗಾದರೂ ಕೊಡೋದಿತ್ತಾ ಅಂತ ಅಬ್ಬಾ ಬಾಗಿಲಲ್ಲಿ ನಿಂತು ಬಂದವರನ್ನೆಲ್ಲ ಕೇಳಿದರು. ಕಿರಾಣಿ ಅಂಗಡಿಯವರ ಉದ್ರಿ ಬಾಕಿ ಇತ್ತು. ಅವರು ಬೇಡ ಅಂದರೂ ಕೊಟ್ಟೇ ಬಂದರು. ಬಟ್ಟೆಯನ್ನು ಬಡವರಿಗೆ ಹಂಚಿದೆವು. ನಾನು ಒಂದು ದುಪಟ್ಟಾ ಇಟ್ಟುಕೊಂಡೆ. ಶಬ್-ಎ-ಬರಾತ್ ರಾತ್ರಿ ಕಬರಸ್ಥಾನಕ್ಕೆ ಹೋಗಿ ಬರ್ತೀವಿ, ಊರಿನ ಅರ್ಧ ಮಂದಿ ಅಲ್ಲೇ ಸಿಗ್ತಾರೆ.

ಒಂದು ಮಾತು ಸೇರಿಸ್ತೀನಿ, ಸ್ವಲ್ಪ ದಾರಿ ತಪ್ಪಿದ್ದು. ಇಬ್ರಾಹಿಂ ರೋಜಾಕ್ಕೆ ಎಲ್ಲರೂ ಹೋಗಿರ್ತೀರಿ. 1627ರಲ್ಲಿ ತೀರಿಕೊಂಡ ಎರಡನೇ ಇಬ್ರಾಹಿಂ ಆದಿಲಶಾಹನ ಗೋರಿ ಅಲ್ಲಿದೆ. ಗೈಡ್‌ಗಳು ರಾಣಿ ತಾಜ್ ಸುಲ್ತಾನಾಳ ಕಥೆ ಹೇಳ್ತಾರೆ, ಮಿನಾರು ತೋರಿಸ್ತಾರೆ, ಫೋಟೋ ಎಲ್ಲಿ ನಿಂತು ತೆಗೀಬೇಕು ಅದನ್ನೂ ಹೇಳ್ತಾರೆ. ಆದರೆ ಆ ಬಾದಶಹನ ತಾಯಿಯ ಗೋರಿಯೂ ಅದೇ ಗುಮ್ಮಟದ ಕೆಳಗೆ ಇದೆ. ಅದನ್ನ ಎಷ್ಟು ಜನ ಹೇಳ್ತಾರೆ?

ಕಿಲ್ಲಾ_ಕೆರಿ
ಇದು ಗೊತ್ತಿರಲಿಲ್ಲ. ಶಾಲೆಯ ಟ್ರಿಪ್ಪಿನಲ್ಲಿ ಹೋಗಿದ್ದಾಗ ಗೋಲಗುಮ್ಮಟದಲ್ಲಿ ಕೂಗಿದ್ದು ಬಿಟ್ಟರೆ ಏನೂ ನೆನಪಿಲ್ಲ.

ಹಳೇ_ಮಾಸ್ತರ
ಗೋರಿ, ಗದ್ದುಗೆ (ಸಮಾಧಿ) ಮಾತು ಬಂತು ಅಂತ ಹೇಳ್ತೇನೆ. ಅದೇ ವಿಜಯಪುರದಲ್ಲಿ ಜ್ಞಾನಯೋಗಾಶ್ರಮದ ಸಿದ್ಧೇಶ್ವರ ಸ್ವಾಮೀಜಿ 2023ರ ಜನವರಿ 2ರಂದು ಹೋದರು. ಅವರು ಮೊದಲೇ ಬರೆದಿಟ್ಟಿದ್ದರು: ದೇಹವನ್ನು ಹೂಳಬೇಡಿ, ಅಗ್ನಿಗೆ ಕೊಡಿ, ಶ್ರಾದ್ಧ ಬೇಡ, ಬೂದಿಯನ್ನು ನೀರಿಗೆ ಬಿಡಿ, ಸ್ಮಾರಕ ಕಟ್ಟಬೇಡಿ. ಲಕ್ಷಗಟ್ಟಲೆ ಜನ ಸೇರಿದ್ದರು. ಬೇಕೆಂದರೆ ಎಂಥ ಗದ್ದುಗೆ ಕಟ್ಟಬಹುದಿತ್ತು! ಕಟ್ಟಲಿಲ್ಲ. ನಾನೂ ಹೋಗಿದ್ದೆ ಆ ದಿನ. ಹಾಗಾಗಿ ಟ್ರಂಕ್, ಕೌದಿ, ಸೆರಗು ಅಂತ ಜಗಳ ಆಡುವವರಿಗೆ ನನ್ನ ಮಾತು, ಬಿಡುವುದನ್ನೂ ಕಲಿಯಬೇಕು.

ಎಳ್ಳಮವಾಸಿ
ಮಾಸ್ತರ, ಅಪ್ಪಗಳ (ಸ್ವಾಮೀಜಿಯ) ಮಾತು ಬೇರೆ, ಅವ್ವನ ಮಾತು ಬೇರೆ. ಅವರು ಬರೆದಿಟ್ಟು ಹೋದರು. ನಮ್ಮವ್ವಗೆ ಹೆಬ್ಬೆಟ್ಟು ಬಿಟ್ಟರೆ ಬೇರೆ ಗೊತ್ತಿರಲಿಲ್ಲ. ಅವಳಿಗೇನು ಬೇಕಿತ್ತು ಅಂತ ನಾವೇ ಊಹಿಸಬೇಕು.

ಬಿಲ್ವಪತ್ರಿ
ಕೇಳಿದ್ದರೆ ಹೇಳ್ತಿದ್ದಳು. ನಾವು ಕೇಳೋದಿಲ್ಲ, ಅದು ಅಪಶಕುನ ಅಂತ. ಅವ್ವ ಬದುಕಿರುವ ಎಲ್ಲರೂ ಈ ದಸರಾಕ್ಕೆ ಊರಿಗೆ ಹೋದಾಗ ಕೇಳಿ ನೋಡಿ.

ಸುಮ್ನೆ_ಓದೋಳು
ನಾನು ಕೇಳಿದ್ದೆ. "ನನ್ನ ಸಾಯಿಸೋಕೆ ಬಂದೀಯೇನ" ಅಂತ ಸೌಟು ಎತ್ತಿದಳು.

ನವನಗರ_63
ನನ್ನದೂ ಗದ್ದುಗೆಯ ವಿಷಯವೇ. ನಮ್ಮ ಊರು ಆಲಮಟ್ಟಿ ಹಿನ್ನೀರಿನಲ್ಲಿ ಮುಳುಗಡೆ ಆಯಿತು. ಅಣೆಕಟ್ಟಿಗೆ 1964ರಲ್ಲಿ ಅಡಿಗಲ್ಲು ಹಾಕಿದ್ದು, ನೀರು ಬಂದಿದ್ದು ನಾವು ಮಕ್ಕಳು ಮರಿ ಮಾಡಿಕೊಂಡ ಮೇಲೆ. ನಮಗೆಲ್ಲ ಬಾಗಲಕೋಟೆಯ ನವನಗರದಲ್ಲಿ ಜಾಗ ಕೊಟ್ಟರು. ಅವ್ವ ಹೊಲದಲ್ಲಿ, ಬೇವಿನ ಗಿಡದ ಹತ್ತಿರ ಇದ್ದಳು. ಸರ್ವೆಗೆ ಬಂದವರು ಬಾವಿ, ಗಿಡ, ಗೋಡೆ ಎಲ್ಲ ಬರೆದುಕೊಂಡರು. ಅವ್ವನ ಗದ್ದುಗೆಯ ಮಾತು ಅವರು ಎತ್ತಲಿಲ್ಲ, ನಾವೂ ಎತ್ತಲಿಲ್ಲ. ಎತ್ತಿದರೆ ಏನು ಬರೀತಿದ್ದರು, ಎಷ್ಟು ರೂಪಾಯಿ ಅಂತ ಬರೀತಿದ್ದರು?

ಮೊದಲ ವರ್ಷ ನಮ್ಮ ಅಪ್ಪ ದಂಡೆಯಲ್ಲಿ ನಿಂತು ನೀರಿಗೇ ಎಡೆ ಬಿಟ್ಟರು. ಮೀನು ತಿಂತಾವು ಅಂತ ನಾನು ಅಂದೆ. "ತಿನ್ನಲಿ ಬಿಡು, ಅಕಿ ಯಾರನ್ನೂ ಉಪವಾಸ ಕಳಿಸಿದಾಕಿ ಅಲ್ಲ" ಅಂದರು. ಈಗ ಅಣೆಕಟ್ಟಿನ ಎತ್ತರ 519.6 ಮೀಟರಿನಿಂದ 524.256ಕ್ಕೆ ಹೋಗಬೇಕು ಅನ್ನೋ ಮಾತು ಇದೆಯಲ್ಲ, ಬೀಳಗಿ ಕಡೆಯವರು ಇದನ್ನ ಓದ್ತಿದ್ದರೆ ಹೊಲದಲ್ಲಿರೋ ಹಿರಿಯರ ಗದ್ದುಗೆ ಏನು ಮಾಡಬೇಕು ಅಂತ ಈಗಲೇ ಮನೆಯಲ್ಲಿ ಮಾತಾಡಿಕೊಳ್ಳಿ. ಒಂದು ಹಿಡಿ ಮಣ್ಣಾದರೂ ತಂದು ಇಟ್ಟುಕೊಳ್ಳಿ. ನಾವು ಅದನ್ನೂ ತರಲಿಲ್ಲ.

ಗುಮ್ಮಟ_ನಗರಿ
ಕಾಕಾ, ಏನು ಹೇಳಬೇಕು ತಿಳೀತಿಲ್ಲ.

ಗೋಕಾಕ_ಫಾಲ್ಸ್
ಇಷ್ಟೆಲ್ಲ ಓದಿದ ಮೇಲೆ ನನ್ನ ಸಿಟ್ಟು ಸಣ್ಣದು ಅನಿಸ್ತಿದೆ, ಆದರೂ ಹೇಳಿಬಿಡ್ತೀನಿ. ಫ್ಲೆಕ್ಸ್. ನಮ್ಮವ್ವನ "ಭಾವಪೂರ್ಣ ಶ್ರದ್ಧಾಂಜಲಿ" ಫ್ಲೆಕ್ಸ್‌ನಲ್ಲಿ ಅವ್ವನ ಫೋಟೋ ಇಷ್ಟೇ ಇಷ್ಟು. ಕೆಳಗೆ ಸಾಲು ಸಾಲಾಗಿ ನಮ್ಮ ಅಣ್ಣನ ಗೆಳೆಯರು, ಕೂಲಿಂಗ್ ಗ್ಲಾಸ್ ಹಾಕಿಕೊಂಡು. ಒಬ್ಬನಂತೂ ನಮಸ್ಕಾರ ಮಾಡ್ತಾ ನಗ್ತಿದ್ದ. ಅದೇ ಫೋಟೋ ಮುಂದೆ ಎಲೆಕ್ಷನ್ನಿಗೂ ಬಂತು.

ಕಿಲ್ಲಾ_ಕೆರಿ
ಹಹ್ಹ, ಬೆಳಗಾವಿಯಲ್ಲಿ ಯಾವ ಸರ್ಕಲ್ಲಿಗೆ ಹೋದರೂ ಇದೇ. ಕೆಲವು ಕಡೆ ಮರಾಠಿಯಲ್ಲಿ ಒಂದು, ಕನ್ನಡದಲ್ಲಿ ಒಂದು, ಎರಡರಲ್ಲೂ ಅದೇ ಕೂಲಿಂಗ್ ಗ್ಲಾಸ್.

ನಮ್ಮ ಆಯಿಯ ಫೋಟೋ ಹುಡುಕಿದಾಗ ಒಂದೂ ಒಬ್ಬಳೇ ಇದ್ದಿದ್ದು ಸಿಗಲಿಲ್ಲ. ಎಲ್ಲದರಲ್ಲೂ ಮೂಲೆಯಲ್ಲಿ ನಿಂತಿದ್ದಾಳೆ, ಕೈಯಲ್ಲಿ ತಾಟು ಹಿಡಕೊಂಡು. ಕೊನೆಗೆ ಆಧಾರ್ ಕಾರ್ಡಿನ ಫೋಟೋ ದೊಡ್ಡದು ಮಾಡಿಸಿದೆವು. ಆಯಿ ಅದರಲ್ಲಿ ಪೊಲೀಸರು ಹಿಡಿದು ತಂದವರ ಹಾಗೆ ಕಾಣ್ತಾಳೆ.

ಸುಮ್ನೆ_ಓದೋಳು
ಆಧಾರ್ ಫೋಟೋ 😭 ನಮ್ಮದೂ.

ಜಾನಪದ_ಹುಚ್ಚಿ
ಅಳೋದರ ಬಗ್ಗೆ ಯಾರೂ ಬರೆದಿಲ್ಲ ಯಾಕೆ? ನಮ್ಮ ಕಡೆ ಹೆಂಗಸರು ಹಾಡಿಕೊಂಡು ಅಳ್ತಾರಲ್ಲ. ನಮ್ಮವ್ವ ಹೋದ ದಿನ ಓಣಿಯ ಹೆಂಗಸರು ಒಬ್ಬರ ಹೆಗಲಿಗೆ ಒಬ್ಬರು ಆತುಕೊಂಡು ಕೂತು ಶುರು ಮಾಡಿದರು. ನನಗೆ ಮೊದಲು ನಾಚಿಕೆ ಆಯಿತು, ಬೆಂಗಳೂರಿನಿಂದ ಆಫೀಸಿನವರು ಬಂದಿದ್ದರು. ಆಮೇಲೆ ಕಿವಿಗೊಟ್ಟು ಕೇಳಿದೆ.

ಒಬ್ಬ ಅಜ್ಜಿ ಹಾಡಿದಳು, ನನ್ನ ಮಗಳ ಬಾಣಂತನಕ್ಕೆ ರಾತ್ರೋರಾತ್ರಿ ಬಂದ ನನ್ನವ್ವ ಅಂತ. ಇನ್ನೊಬ್ಬಾಕೆ ಹಾಡಿದಳು, ಬೋರಮಾಳ (ಚಿನ್ನದ ಸರ) ಬಿಚ್ಚಿ ಕೊಟ್ಟು ಯಾರಿಗೂ ಹೇಳಬ್ಯಾಡ ಅಂದಾಕಿ ಅಂತ. ನಾವು ಮಕ್ಕಳೆಲ್ಲ ಮುಖ ಮುಖ ನೋಡಿಕೊಂಡೆವು. ಆ ಬೋರಮಾಳ ಕಳೆದುಹೋಗಿದೆ ಅಂತ ಅವ್ವ ಹೇಳಿದ್ದಳು. ಅಪ್ಪ ಅದಕ್ಕೆ ಬೈದಿದ್ದೂ ನನಗೆ ನೆನಪಿದೆ. ಆಕೆಯ ಮಗಳ ಮದುವೆಗೆ ಒತ್ತೆ ಇಡಲು ಕೊಟ್ಟಿದ್ದಳಂತೆ. ಬಿಡಿಸಿಕೊಳ್ಳಲು ಆಗಲೇ ಇಲ್ಲ.

ಅಪ್ಪನೂ ಅಲ್ಲೇ ಕಂಬಕ್ಕೆ ಒರಗಿ ಕೂತಿದ್ದರು. ಒಂದು ಮಾತೂ ಆಡಲಿಲ್ಲ.

ಬಿಲ್ವಪತ್ರಿ
ಇದು ಚೆನ್ನಾಗಿದೆ. ಆದರೆ ಎಲ್ಲ ಅಳುವೂ ಹಾಗಲ್ಲ ಅಕ್ಕಾ. ಬದುಕಿದ್ದಾಗ ಒಂದು ಸಲ ಬಾಗಿಲಿಗೆ ಬಾರದವರೇ ದೊಡ್ಡ ದನಿ ತೆಗೀತಾರೆ.

ಜಾನಪದ_ಹುಚ್ಚಿ
ತೆಗೀಲಿ ಬಿಡ್ರಿ. ಮನೆಯ ಮಗಳಿಗೆ ಮೊದಲ ಅಳು ಬರಬೇಕಾದರೆ ಯಾರಾದರೂ ದನಿ ತೆಗೆಯಲೇಬೇಕು. ಈಗ ಸೌಂಡ್ ಸಿಸ್ಟಮ್ ತಂದು ಹಾಡು ಹಚ್ಚಿಬಿಡ್ತಾರೆ, ಯಾರಿಗೂ ಬಾಯಿ ಬಿಡೋಕೇ ಆಗೋದಿಲ್ಲ.

ಗೋಕಾಕ_ಫಾಲ್ಸ್
ನಮ್ಮಲ್ಲಿ ರಾತ್ರಿ ಭಜನೆಯವರು ಬಂದಿದ್ದರು. ಹಾರ್ಮೋನಿಯಂ, ದಪ್ಪು, ತಾಳ. ಬೆಳತನಕ ಚಹಾ ಮಾಡಿ ಮಾಡಿ ಸಾಕಾಯಿತು. ಆದರೆ ಅವರು ಇಲ್ಲದಿದ್ದರೆ ಆ ರಾತ್ರಿ ಕಳೀತಿರಲಿಲ್ಲ.

ಉತಾರ_ವಾರಸಾ
ಅಳು, ಹಾಡು ಎಲ್ಲ ಸರಿ. ಯಾರೂ ಕಾಗದದ ಮಾತು ಆಡ್ತಿಲ್ಲ, ಅದಕ್ಕೆ ನಾನು ಬಂದೆ. ಮರಣವನ್ನು 21 ದಿನದೊಳಗೆ ನೋಂದಾಯಿಸಬೇಕು, 1969ರ ಕಾಯ್ದೆ. ಅದು ದಾಟಿದರೆ ದಂಡ, ವರ್ಷ ದಾಟಿದರೆ ಮ್ಯಾಜಿಸ್ಟ್ರೇಟ್ ಆದೇಶ ಬೇಕು. ಹನ್ನೊಂದನೇ ದಿನದ ಊಟಕ್ಕೆ ಎಷ್ಟು ಗೋಧಿ ಹುಗ್ಗಿ ಅಂತ ಲೆಕ್ಕ ಹಾಕುವವರು ಇದನ್ನ ಮರೀತಾರೆ.

ಹೆಸರು ನೋಡಿಕೊಳ್ಳಿ. ನಮ್ಮವ್ವ ಆಧಾರ್‌ನಲ್ಲಿ "ಅವ್ವ", ಹೊಲದ ಉತಾರದಲ್ಲಿ (ಪಹಣಿ) "ಬಾಯಿ", ಬ್ಯಾಂಕಿನಲ್ಲಿ "ಅಮ್ಮ". ಮೂವರೂ ಒಬ್ಬಳೇ ಅಂತ ಸಾಬೀತು ಮಾಡಲು ನಾನು ಪಟ್ಟ ಪಾಡು ದೇವರಿಗೇ ಗೊತ್ತು. ಬ್ಯಾಂಕಿನ ಹುಡುಗ "ಅವರನ್ನೇ ಕರೆದುಕೊಂಡು ಬನ್ನಿ ಸರ್" ಅಂದ. ಮರಣ ಪ್ರಮಾಣಪತ್ರ ಅವನ ಕೈಯಲ್ಲೇ ಇತ್ತು!

ಗೃಹಲಕ್ಷ್ಮಿಯ 2,000 ರೂಪಾಯಿ ಅವ್ವನ ಖಾತೆಗೆ ಬರ್ತಿದ್ದರೆ ಕೂಡಲೇ ತಿಳಿಸಿ. ರೇಷನ್ ಕಾರ್ಡಿನಲ್ಲಿ ಮನೆಯ ಯಜಮಾನಿ ಅಂತ ಸೊಸೆಯ ಹೆಸರು ಬರಬೇಕು, ಆಮೇಲೆ ಆಕೆ ಹೊಸದಾಗಿ ಅರ್ಜಿ ಹಾಕಬೇಕು.

ಹಿಂಡಿ_ರೊಟ್ಟಿ
ಕೇಳಿ ಬೇಜಾರಾದರೂ ಉಪಯೋಗದ ಮಾತು. ನಮ್ಮತ್ತೆ ಆ 2,000ವನ್ನು ಡಬ್ಬಿಯಲ್ಲಿ ಕೂಡಿಟ್ಟಿದ್ದರು. ಜೋಳದ ಡಬ್ಬಿಯ ತಳದಲ್ಲಿ ಸಿಕ್ಕಿತು. ಅದರಲ್ಲೇ ಅವರ ವರ್ಷದ ಕಾರ್ಯ ಮಾಡಿದೆವು.

ಕಿಲ್ಲಾ_ಕೆರಿ
ಫೋನಿನ ಬಗ್ಗೆಯೂ ಹೇಳಿಬಿಡ್ತೀನಿ, ನನ್ನ ಕೆಲಸ ಅದೇ. ಅವ್ವನ ಧ್ವನಿ ಮೆಸೇಜ್‌ಗಳು ನಿಮ್ಮ ವಾಟ್ಸಾಪಿನಲ್ಲಿ ಇದ್ದರೆ ಇವತ್ತೇ ಆ ಚಾಟ್ ಎಕ್ಸ್‌ಪೋರ್ಟ್ ಮಾಡಿ ಇನ್ನೊಂದು ಕಡೆ ಇಟ್ಟುಕೊಳ್ಳಿ. ಫೋನ್ ಕಳೆದರೆ ಎಲ್ಲ ಹೋಗುತ್ತದೆ. ಸಿಮ್ 90 ದಿನ ಬಳಸದೇ, ಬ್ಯಾಲೆನ್ಸ್ ಇಲ್ಲದೇ ಬಿಟ್ಟರೆ ನಂಬರ್ ರದ್ದಾಗಿ ಬೇರೆಯವರಿಗೆ ಹೋಗುತ್ತದೆ. ವಾಟ್ಸಾಪ್ ಖಾತೆ 120 ದಿನ ಬಳಸದಿದ್ದರೆ ಅಳಿಸಿಹೋಗುತ್ತದೆ. ನಂಬರ್ ಬಿಡುವ ಮೊದಲು ಬ್ಯಾಂಕಿನ ಓಟಿಪಿ ಕೆಲಸ ಮುಗಿಸಿ.

ಚೋರ್ಲಾ_ಘಾಟ
ನನ್ನ ಹತ್ತಿರ ಅವ್ವನ ಮೆಸೇಜ್ ಐದಾರು ಇವೆ. ಎಲ್ಲದರಲ್ಲೂ ಚೀರ್ತಾಳೆ, ಗೋವಾ ದೂರ ಇದೆಯಲ್ಲ, ಕೇಳಿಸಬೇಕು ಅಂತ. "ಉಂಡೇನೋ" ಅಂತ ಶುರು. ಎಕ್ಸ್‌ಪೋರ್ಟ್ ಹೇಗೆ ಮಾಡೋದು ಹೇಳ್ತೀರಾ ಅಣ್ಣ?

ಕಿಲ್ಲಾ_ಕೆರಿ
ಅವ್ವನ ಚಾಟ್ ತೆರೆದು ಮೇಲೆ ಮೂರು ಚುಕ್ಕಿ ಒತ್ತಿ, ಅಲ್ಲಿ "ಇನ್ನಷ್ಟು", ಆಮೇಲೆ "ಎಕ್ಸ್‌ಪೋರ್ಟ್". ಮೀಡಿಯಾ ಸೇರಿಸಬೇಕಾ ಅಂತ ಕೇಳುತ್ತದೆ, ಹೂಂ ಅನ್ನಿ, ಇಲ್ಲಾಂದರೆ ಬರೀ ಅಕ್ಷರ ಬರುತ್ತದೆ. ನಿಮ್ಮ ಇಮೇಲಿಗೇ ಕಳಿಸಿಕೊಳ್ಳಿ. ಆಗದಿದ್ದರೆ ನನಗೆ ಇಲ್ಲೇ ಸಂದೇಶ ಹಾಕಿ, ಫೋನ್ ಮಾಡ್ತೀನಿ.

ಮಲಪ್ರಭಾ_ದಂಡಿ
ಎಲ್ಲರ ಮಾತೂ ಓದಿದೆ, ನಿನ್ನೆ ರಾತ್ರಿ ಅಣ್ಣ ವೈನಿಗೂ ಓದಿ ಹೇಳಿದೆ. @ಹಿಂಡಿ_ರೊಟ್ಟಿ ಅಕ್ಕಾರ, ನಿಮ್ಮ ಮಾತಿಗೆ ವೈನಿ ಸುಮ್ಮನೆ ಕೂತರು, ಆಮೇಲೆ ಡಬರಿ ಮಾತು ತಾವಾಗಿಯೇ ಬಿಟ್ಟರು. ಈಗ ಲೆಕ್ಕ ಹೀಗಿದೆ: ಹತ್ತಿಯ ಹಳೇ ಸೀರೆಗಳು ಕೌದಿಗೆ. ಸೆರಗುಗಳು ತಂಗಿಗೆ. ಖಣಗಳನ್ನ ಅಮವಾಸಿಗೆ ಹಿರಿಯರ ಮುಂದೆ ಇಟ್ಟು ಓಣಿಯ ಹೆಣ್ಣುಮಕ್ಕಳಿಗೆ ಉಡಿ ತುಂಬೋದು. ಆಯೇರಿ ಸೀರೆಗಳನ್ನ ಚೀಟಿ ನೋಡಿ ಮುಂದಿನ ಮದುವೆಗಳಿಗೆ ಕೊಡೋದು. ಅವ್ವ ಇದ್ದಿದ್ದರೆ ಅದನ್ನೇ ಮಾಡ್ತಿದ್ದಳು. ಮೊದಲ ಕೌದಿ ವೈನಿಗೆ ಅಂತ ನಾನೇ ಹೇಳಿದೆ.

ಕಾಕಾ ಇನ್ನೂ ಒಪ್ಪಿಲ್ಲ. ಅವರ ಪಾಲಿಗೆ ಒಂದು ಸೀರೆ ಹೊಳೆಗೆ ಬಿಡಬೇಕಂತೆ.

ಹಳೇ_ಮಾಸ್ತರ
ಸೆರಗಿನ ಒಂದು ಎಳೆ ಬಿಡಿ, ಸಾಕು. ಕಾಕಾಗೂ ಸಮಾಧಾನ, ಹೊಳೆಗೂ ಸಮಾಧಾನ.

ಎಳ್ಳಮವಾಸಿ
ಅಮವಾಸಿ ಎಡೆಗೆ ಏನು ಮಾಡ್ತೀರಿ? ಅವ್ವಗೆ ಇಷ್ಟವಾದದ್ದು ಇರಲೇಬೇಕು.

ಮಲಪ್ರಭಾ_ದಂಡಿ
ಸಜ್ಜಿ ರೊಟ್ಟಿ, ಗುರೆಳ್ಳು ಹಿಂಡಿ (ಚಟ್ನಿಪುಡಿ). ಸಮಸ್ಯೆ ಏನಂದರೆ ಅವ್ವನ ಹಿಂಡಿಯ ಅಳತೆ ಯಾರಿಗೂ ಗೊತ್ತಿಲ್ಲ. ತಂಗಿ ಮಾಡಿದ್ದು ಕಹಿ ಬಂತು.

ಹಿಂಡಿ_ರೊಟ್ಟಿ
ಕಹಿ ಬಂತು ಅಂದರೆ ಗುರೆಳ್ಳು ಹೊತ್ತಿದೆ. ಸಣ್ಣ ಉರಿಯಲ್ಲಿ ಹುರೀಬೇಕು, ಚಟಪಟ ಅಂದ ಕೂಡಲೇ ಇಳಿಸಿ ತಾಟಿಗೆ ಹರವಬೇಕು, ಬಿಸಿ ಬಾಣಲೆಯಲ್ಲಿ ಬಿಟ್ಟರೂ ಹೊತ್ತುತ್ತದೆ. ಪೂರ್ತಿ ಆರಿದ ಮೇಲೆ ಖಾರ, ಉಪ್ಪು, ಜೀರಿಗೆ, ಬಳ್ಳೊಳ್ಳಿ ಹಾಕಿ ಕುಟ್ಟಿ. ಮಿಕ್ಸಿಯಾದರೆ ಬಿಟ್ಟು ಬಿಟ್ಟು ತಿರುಗಿಸಿ, ಇಲ್ಲದಿದ್ದರೆ ಎಣ್ಣೆ ಬಿಟ್ಟು ಮುದ್ದೆಯಾಗುತ್ತದೆ. ಬಳ್ಳೊಳ್ಳಿ ಸಿಪ್ಪೆ ಸಮೇತ ಹಾಕಿ.

ಗೋಕಾಕ_ಫಾಲ್ಸ್
ಸಿಪ್ಪೆ ಸಮೇತನಾ? ಯಾರ ಮನೆಯಲ್ಲಿ?

ಕೊಂಡಿ_ಸೆರಗು
ನಮ್ಮ ಮನೆಯಲ್ಲೂ ಸಿಪ್ಪೆ ಸಮೇತ. ಹಿಂಡಿ ಒಣಗಿದ ಹಾಗೆ ಇರುತ್ತದೆ, ಬಹಳ ದಿನ ಬಾಳುತ್ತದೆ.

ಎಳ್ಳಮವಾಸಿ
ಎಡೆಗೆ ಇಡೋದಾದರೆ ಕೆಲವರ ಮನೆಯಲ್ಲಿ ಬಳ್ಳೊಳ್ಳಿಯೇ ಹಾಕೋದಿಲ್ಲ, ಮೊದಲು ಮನೆಯಲ್ಲಿ ಕೇಳಿಕೊಳ್ಳಿ.

ಮಲಪ್ರಭಾ_ದಂಡಿ
ಬಳ್ಳೊಳ್ಳಿ ಇಲ್ಲದ ಹಿಂಡಿ ಇಟ್ಟರೆ ನಮ್ಮವ್ವ ಎಡೆ ಮುಟ್ಟೋದಿಲ್ಲ ಬಿಡಿ. ಸಿಪ್ಪೆಯದು ತಂಗಿಯನ್ನ ಕೇಳಿ ಹೇಳ್ತೀನಿ.